ಈ ಅಂಗಡಿಗೆ ಬಿಲ್ ಮುಟ್ಟುತ್ತದೆಯೇ?

ಬೆಲ್ಜಿಯಂನಲ್ಲಿ ಒಬ್ಬ ವ್ಯಾಪಾರಿ ಇನ್ನೊಬ್ಬ ವ್ಯಾಪಾರಿಗೆ ಪಿಡಿಎಫ್ ಬಿಲ್ ಇಮೇಲ್ ಮಾಡಿ ಕೈತೊಳೆದುಕೊಳ್ಳುವ ಕಾಲ 2026ರ ಜನವರಿ 1ಕ್ಕೆ ಮುಗಿಯಿತು. ವ್ಯಾಟ್ ನೋಂದಣಿ ಇರುವ ಇಬ್ಬರ ನಡುವೆ ಓಡಾಡುವ ಬಿಲ್ ಇನ್ನು ಯಂತ್ರವೇ ಓದಿ ಲೆಕ್ಕಕ್ಕೆ ಸೇರಿಸಿಕೊಳ್ಳಬಲ್ಲ ರೂಪದಲ್ಲಿರಬೇಕು. ಬೇರೆ ದಾರಿಗೆ ಇಬ್ಬರೂ ಒಪ್ಪಿಕೊಂಡಿರದಿದ್ದರೆ ಅದು ಪೆಪ್ಪೋಲ್ ಎಂಬ ಜಾಲದ ಮೂಲಕವೇ ಹೋಗಬೇಕು. ಕಳಿಸುವುದಕ್ಕೂ ಪಡೆಯುವುದಕ್ಕೂ ಏರ್ಪಾಡು ಮಾಡಿಕೊಳ್ಳದವರಿಗೆ ಮೊದಲ ಸಲ 1,500 ಯೂರೊ, ಎರಡನೆಯ ಸಲ 3,000, ಆಮೇಲೂ ಸಿಕ್ಕಿಬಿದ್ದರೆ 5,000 ಯೂರೊ ದಂಡ. ಕಾನೂನು ಇಷ್ಟು ಬಿಗಿಯಾದ ಮೇಲೆ ಬಿಲ್ ಕಳಿಸುವವನ ತಲೆಯಲ್ಲಿ ಮೊದಲು ಏಳುವ ಪ್ರಶ್ನೆ ತೆರಿಗೆಯದ್ದಲ್ಲ, ಅಂಚೆಯವನದು: ಈ ಹೆಸರಿನವರು ಇಲ್ಲಿ ಇದ್ದಾರೆಯೇ? ಇದ್ದರೆ ಕಾಗದ ಯಾರ ಕೈಗೆ ಕೊಡಬೇಕು? ಉತ್ತರ ಇರುವುದು ಪಾಸ್‌ವರ್ಡ್ ಕೇಳುವ ಯಾವುದೋ ಸರ್ಕಾರಿ ಪೋರ್ಟಲಿನಲ್ಲಿ ಅಲ್ಲ. ವೆಬ್‌ಸೈಟಿನ ಹೆಸರು ಟೈಪ್ ಮಾಡಿದಾಗಲೆಲ್ಲ ನಮಗೆ ಗೊತ್ತಿಲ್ಲದೆಯೇ ನಾವು ಬಳಸುವ ಡಿಎನ್‌ಎಸ್ ಎಂಬ ಹಳೆಯ ವಿಳಾಸಪಟ್ಟಿಯಲ್ಲಿ. ಈ ಏರ್ಪಾಡು ಸರಿಯಾದದ್ದು, ಅದು ಹೀಗೆಯೇ ತೆರೆದಿರಬೇಕು, ಹೀಗೆಯೇ ಚಿಕ್ಕದಾಗಿಯೂ ಇರಬೇಕು ಎಂಬುದು ಈ ಲೇಖನದ ವಾದ. ನೋಡಲು ತಂತ್ರಜ್ಞರ ಒಳಮಾತಿನಂತೆ ಕಂಡರೂ, ವ್ಯಾಪಾರದ ಜಗತ್ತಿನಲ್ಲಿ ಯಾವ ಪ್ರಶ್ನೆಯನ್ನು ಯಾರ ಅಪ್ಪಣೆಯೂ ಇಲ್ಲದೆ ಕೇಳಬಹುದು ಎಂಬ ವಿಚಾರ ಇದರ ಬುಡದಲ್ಲಿದೆ.

ಡಿಎನ್‌ಎಸ್ 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ವ್ಯವಸ್ಥೆ. ಅದರ ಕೆಲಸ ಹೇಳಿದರೆ ಇಷ್ಟೇ: ಒಂದು ಹೆಸರು ಕೊಟ್ಟರೆ ಅದಕ್ಕೆ ಸಂಬಂಧಿಸಿದ ಒಂದು ವಿವರ ಕೊಡುವುದು, ಆ ಹೆಸರೇ ಇಲ್ಲದಿದ್ದರೆ ಇಲ್ಲವೆಂದು ಹೇಳುವುದು. ಕೇಳುವವನು ಯಾರು, ಯಾಕೆ ಕೇಳುತ್ತಿದ್ದಾನೆ ಎಂದು ಅದು ವಿಚಾರಿಸುವುದಿಲ್ಲ. ಪೆಪ್ಪೋಲ್ ಹುಟ್ಟಿದ್ದು ಅದಕ್ಕೆ ಕಾಲು ಶತಮಾನದ ನಂತರ, 2008ರಲ್ಲಿ, ಯುರೋಪಿನ ಸರ್ಕಾರಿ ಖರೀದಿಯನ್ನು ಗಡಿ ದಾಟಿಸುವ ಯೋಜನೆಯಾಗಿ. 2012ರಲ್ಲಿ ಅದನ್ನು ನೋಡಿಕೊಳ್ಳಲು ಬ್ರಸೆಲ್ಸ್‌ನಲ್ಲಿ ಓಪನ್‌ಪೆಪ್ಪೋಲ್ ಎಂಬ ಲಾಭರಹಿತ ಸಂಸ್ಥೆ ರೂಪುಗೊಂಡಿತು. ಜಾಲದಲ್ಲಿ ನಾಲ್ಕು ಮೂಲೆಗಳು: ಮಾರುವವನು, ಅವನ ಸೇವಾ ಸಂಸ್ಥೆ, ಕೊಳ್ಳುವವನ ಸೇವಾ ಸಂಸ್ಥೆ, ಕೊಳ್ಳುವವನು. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನ ನೋಂದಣಿ ಸಂಖ್ಯೆ ಮಾತ್ರ, ಆ ಕಡೆಯ ಸೇವಾ ಸಂಸ್ಥೆ ಯಾವುದೆಂದು ಅಲ್ಲ. ಬೆಲ್ಜಿಯಂ ಕಂಪನಿಯಾದರೆ 0208 ಎಂಬ ಗುರುತಿನ ಮುಂದೆ ಅದರ ಹತ್ತು ಅಂಕಿಯ ಸಂಖ್ಯೆ. ನಾರ್ವೆಗೆ 0192, ಸಿಂಗಪುರಕ್ಕೆ 0195. ಸಾಫ್ಟ್‌ವೇರ್ ಈ ಗುರುತನ್ನು ಒಂದು ಸೂತ್ರಕ್ಕೆ ಹಾಕಿ ಹಿಂಡಿ, ಬಂದ ಅಕ್ಷರಮಾಲೆಯನ್ನು ಯುರೋಪಿಯನ್ ಕಮಿಷನ್ ನಡೆಸುವ ಒಂದು ಡೊಮೇನಿನ ಮುಂದೆ ಅಂಟಿಸಿ, ಈ ಹೆಸರು ಇದೆಯೇ ಎಂದು ಡಿಎನ್‌ಎಸ್ ಅನ್ನು ಕೇಳುತ್ತದೆ. ಇದ್ದರೆ, ಆ ಕಂಪನಿಯ ವಿವರ ಇಟ್ಟುಕೊಂಡಿರುವ ಸರ್ವರಿನ ದಾರಿ ಸಿಗುತ್ತದೆ. ಇಲ್ಲದಿದ್ದರೆ ‘ಅಂಥ ಹೆಸರಿಲ್ಲ’ ಎಂಬ ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ.

ಹಿಂಡುವ ಈ ಸೂತ್ರದ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಹಲವರು ಅದನ್ನು ಗುಟ್ಟು ಕಾಯುವ ಬೀಗವೆಂದು ತಪ್ಪು ತಿಳಿಯುತ್ತಾರೆ. ಅದು ಬೀಗವಲ್ಲ, ಅಳತೆಗೆ ತರುವ ಅಚ್ಚು. ನೋಂದಣಿ ಸಂಖ್ಯೆಗಳಲ್ಲಿ ಡಿಎನ್‌ಎಸ್‌ಗೆ ಒಗ್ಗದ ಚಿಹ್ನೆಗಳಿರುತ್ತವೆ, ಉದ್ದ ಒಂದೊಂದು ದೇಶದಲ್ಲಿ ಒಂದೊಂದು. ಅಚ್ಚಿಗೆ ಹಾಕಿದರೆ ಎಲ್ಲವೂ ಒಂದೇ ಗಾತ್ರಕ್ಕೆ ಬರುತ್ತವೆ. ಮೊದಲು ಇದಕ್ಕೆ ಎಂಡಿ5 ಎಂಬ ಹಳೆಯ ಸೂತ್ರ ಬಳಸುತ್ತಿದ್ದರು. ಹೊಸ ವಿಧಾನದಲ್ಲಿ ಎಸ್‌ಎಚ್‌ಎ-256. ಇಲ್ಲೊಂದು ಸ್ವಾರಸ್ಯವಿದೆ. ಈ ಹೊಸ ಸೂತ್ರದ ಫಲವನ್ನು ಸಾಮಾನ್ಯ ರೀತಿಯಲ್ಲಿ ಬರೆದರೆ 64 ಅಕ್ಷರ, ಡಿಎನ್‌ಎಸ್ ಹೆಸರಿನ ಒಂದು ತುಂಡಿಗೆ ಇರುವ ಮಿತಿ 63. ಒಂದೇ ಒಂದು ಅಕ್ಷರ ಹೆಚ್ಚು! ಹಾಗಾಗಿ ಅದನ್ನು ಇನ್ನೊಂದು ಲಿಪಿಕ್ರಮದಲ್ಲಿ ಬರೆದು 52 ಅಕ್ಷರಕ್ಕೆ ಇಳಿಸುತ್ತಾರೆ. ನಮ್ಮ ಜಿಎಸ್‌ಟಿ ಇ-ಇನ್‌ವಾಯ್ಸ್‌ನ ಮೇಲೆ ಕಾಣುವ ಉದ್ದನೆಯ ಐಆರ್‌ಎನ್ ಸಂಖ್ಯೆಯೂ ಇದೇ ಸೂತ್ರದ ಕೂಸು. ಅದಕ್ಕೇ ಅದು ಸರಿಯಾಗಿ 64 ಅಕ್ಷರ. ಸೂತ್ರದ ಜೊತೆಗೆ ಉತ್ತರದ ರೂಪವೂ ಬದಲಾಯಿತು. ಹಳೆಯ ವಿಧಾನದ ಉತ್ತರದಲ್ಲಿ ಇನ್ನೊಂದು ಸರ್ವರಿನ ಹೆಸರಷ್ಟೇ ಇರುತ್ತಿತ್ತು, ಅಲ್ಲಿಗೆ ಭದ್ರವಾದ ಸಂಪರ್ಕದಲ್ಲಿ ಹೋಗಬೇಕೇ ಎಂಬ ಸೂಚನೆಗೆ ಜಾಗವಿರಲಿಲ್ಲ; ಹೊಸ ನ್ಯಾಪ್ಟರ್ ದಾಖಲೆ ಪೂರ್ತಿ ವಿಳಾಸವನ್ನೇ ಹೇಳುತ್ತದೆ. ಡಿಎನ್‌ಎಸ್ ಹಳೆಯ ಕಾಲದ್ದು, ಇಂಥ ಕೆಲಸಕ್ಕೆ ಒಗ್ಗದು ಎನ್ನುವವರು ಈ ಬದಲಾವಣೆಯನ್ನು ಗಮನಿಸಬೇಕು. ಹಳೆಯ ಮನೆಯ ಗೋಡೆ ಕೆಡವದೆ ಹೊಸ ಬಾಗಿಲು ಇಡಲು ಸಾಧ್ಯವಾಗಿದೆ.

ಇನ್ನು ಈ ಉತ್ತರಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದು. ಒಂದು ವ್ಯಾಪಾರ ಸಂಖ್ಯೆಯ ಬಗ್ಗೆ ಕೇಳಬಹುದಾದ ಪ್ರಶ್ನೆಗಳು ನಾಲ್ಕು ಮೆಟ್ಟಿಲಿನ ಹಾಗಿವೆ, ಒಂದರ ಉತ್ತರವನ್ನು ಇನ್ನೊಂದಕ್ಕೆ ಹಚ್ಚಿದರೆ ಮುಗ್ಗರಿಸುವುದು ಖಂಡಿತ. ಸಂಖ್ಯೆಯ ರೂಪ ಸರಿಯಿದೆಯೇ ಎಂಬುದು ಮೊದಲನೆಯದು. ಇದಕ್ಕೆ ಯಾರನ್ನೂ ಕೇಳಬೇಕಿಲ್ಲ, ಬೆಲ್ಜಿಯಂ ಸಂಖ್ಯೆಯ ಕೊನೆಯ ಎರಡು ಅಂಕಿ ಮೊದಲ ಎಂಟನ್ನು 97ರಿಂದ ಭಾಗಿಸಿದ ಶೇಷದಿಂದ ಬರುತ್ತವೆ, ನಮ್ಮ ಹದಿನೈದು ಅಕ್ಷರದ ಜಿಎಸ್‌ಟಿ ಸಂಖ್ಯೆಯ ಕೊನೆಯ ಅಕ್ಷರವೂ ಇಂಥದೇ ತಾಳೆ ನೋಡುವ ಅಕ್ಷರ. ಆ ಸಂಖ್ಯೆಯ ವ್ಯಾಪಾರ ನಿಜವಾಗಿ ಇದೆಯೇ ಎಂಬುದು ಎರಡನೆಯದು, ಇದನ್ನು ಹೇಳಬೇಕಾದದ್ದು ಸರ್ಕಾರದ ನೋಂದಣಿ ಪುಸ್ತಕ. ಅವರಿಗೆ ಈ ಜಾಲದಲ್ಲಿ ಬಿಲ್ ಮುಟ್ಟುತ್ತದೆಯೇ ಎಂಬುದು ಮೂರನೆಯದು. ಅವರು ನಂಬಲರ್ಹರೇ ಎಂಬುದು ನಾಲ್ಕನೆಯದು. ಡಿಎನ್‌ಎಸ್ ಉತ್ತರಿಸುವುದು ಮೂರನೆಯದನ್ನು, ಅದೂ ಅರ್ಧ ಮಾತ್ರ. ಹೆಸರು ಇದೆ ಎಂದರೆ ಯಾವುದೋ ಒಂದು ಸೇವಾ ಸಂಸ್ಥೆ ಇವರನ್ನು ದಾಖಲಿಸಿಕೊಂಡಿದೆ ಎಂದಷ್ಟೇ ಅರ್ಥ. ಅವರು ಬಿಲ್ ಸ್ವೀಕರಿಸುತ್ತಾರೆಯೇ, ಕ್ರೆಡಿಟ್ ನೋಟ್ ಕೂಡ ಸ್ವೀಕರಿಸುತ್ತಾರೆಯೇ, ಅಥವಾ ಖರೀದಿ ಆದೇಶಕ್ಕಷ್ಟೇ ಬಾಗಿಲು ತೆರೆದಿದ್ದಾರೆಯೇ ಎಂದು ತಿಳಿಯಲು ಆ ಸಂಸ್ಥೆಯ ಸರ್ವರನ್ನು ಇನ್ನೊಂದು ಸಲ ಕೇಳಬೇಕು. ಮೊದಲ ಉತ್ತರ ಬಂದ ಕೂಡಲೇ ಹಸಿರು ಗುರುತು ತೋರಿಸಿ ಮುಗಿಸುವ ಸಾಫ್ಟ್‌ವೇರ್, ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯದು. ದೋಷ ಅಲ್ಲಿ ವಿಳಾಸಪಟ್ಟಿಯದಲ್ಲ, ಅದನ್ನು ಅರ್ಧ ಓದಿದವರದು.

ಇಷ್ಟು ಕಡಿಮೆ ಹೇಳುವ ವ್ಯವಸ್ಥೆ ಯಾಕೆ ಬೇಕು, ಎಲ್ಲವನ್ನೂ ಒಂದೇ ಕಡೆ ಇಟ್ಟು ಸರ್ಕಾರವೇ ತಲುಪಿಸಬಾರದೇ ಎಂದು ಕೇಳಬಹುದು. ಇಟಲಿ ಹಾಗೆಯೇ ಮಾಡಿದೆ. 2019ರ ಜನವರಿಯಿಂದ ಅಲ್ಲಿನ ವ್ಯಾಪಾರಿಗಳ ಹೆಚ್ಚಿನ ಬಿಲ್‌ಗಳು ತೆರಿಗೆ ಇಲಾಖೆಯ ಕೇಂದ್ರ ವ್ಯವಸ್ಥೆಯ ಮೂಲಕವೇ ಹಾದುಹೋಗುತ್ತವೆ. ಕೊಳ್ಳುವವನ ಏಳು ಅಕ್ಷರದ ಸಂಕೇತ ಗೊತ್ತಿಲ್ಲದಿದ್ದರೆ ಏಳು ಸೊನ್ನೆ ಬರೆದರೆ ಸಾಕು, ಬಿಲ್ ಅವನ ತೆರಿಗೆ ಖಾತೆಯ ಪೆಟ್ಟಿಗೆಯಲ್ಲಿ ಹೋಗಿ ಕೂರುತ್ತದೆ. ಸುಲಭ, ನಿಜ. ಆದರೆ ಆ ಸುಲಭಕ್ಕೆ ತೆತ್ತ ಬೆಲೆ ದೊಡ್ಡದು: ಒಂದು ದೇಶದ ವ್ಯಾಪಾರವೆಲ್ಲ ಒಂದೇ ಬಾಗಿಲಿನಲ್ಲಿ ನುಸುಳಬೇಕು, ಯಾರು ಯಾರಿಗೆ ಏನು ಎಷ್ಟಕ್ಕೆ ಮಾರಿದರು ಎಂಬುದೆಲ್ಲ ಆ ಬಾಗಿಲು ಕಾಯುವವನಿಗೆ ಗೊತ್ತಾಗಬೇಕು, ಮತ್ತು ಆ ಬಾಗಿಲು ಪಕ್ಕದ ದೇಶದ ಬಾಗಿಲಿಗೆ ತಾನಾಗಿ ಕೂಡಿಕೊಳ್ಳುವುದಿಲ್ಲ. ಜರ್ಮನಿ ಇನ್ನೊಂದು ತುದಿ ಹಿಡಿಯಿತು; 2025ರಿಂದ ಅಲ್ಲಿನ ವ್ಯಾಪಾರಿಗಳೆಲ್ಲ ಯಂತ್ರರೂಪದ ಬಿಲ್ ಪಡೆಯಲು ಸಿದ್ಧವಿರಬೇಕು, ಆದರೆ ಅದು ಇಮೇಲಿನಲ್ಲಿ ಬಂದರೂ ನಡೆಯುತ್ತದೆ. ಇಮೇಲ್ ತಲುಪಿತೋ ಸ್ಪ್ಯಾಮಿನಲ್ಲಿ ಬಿದ್ದಿತೋ ಎಂಬ ಹಳೆಯ ತಲೆನೋವು ಹಾಗೆಯೇ ಉಳಿಯಿತು. ಪೆಪ್ಪೋಲ್ ಹಿಡಿದದ್ದು ಮಧ್ಯದ ದಾರಿ. ವಿಳಾಸ ಮಾತ್ರ ಒಂದು ಕಡೆ, ಬಿಲ್ ಓಡಾಡುವುದು ನೂರಾರು ಸೇವಾ ಸಂಸ್ಥೆಗಳ ನಡುವೆ ನೇರವಾಗಿ. ಕೇಂದ್ರದಲ್ಲಿರುವವನಿಗೆ ಯಾರ ಮನೆ ಎಲ್ಲಿದೆ ಎಂದು ಗೊತ್ತು, ಆ ಮನೆಗೆ ಯಾವ ಕಾಗದ ಬಂತು ಎಂದು ಗೊತ್ತಿಲ್ಲ. ಈ ವಿಂಗಡಣೆಯೇ ಇಡೀ ರಚನೆಯ ಜೀವಾಳ.

ಈ ತೆರೆದ ಏರ್ಪಾಡಿಗೆ ಬರುವ ಗಟ್ಟಿ ಆಕ್ಷೇಪ ಖಾಸಗಿತನದ್ದು, ಅದನ್ನು ತಳ್ಳಿಹಾಕುವಂತಿಲ್ಲ. ಬೆಲ್ಜಿಯಂನ ಕಂಪನಿ ಸಂಖ್ಯೆಗಳೆಲ್ಲ ಸಾರ್ವಜನಿಕ ನೋಂದಣಿಯಲ್ಲಿವೆ. ಯಾರಾದರೂ ಆ ಪಟ್ಟಿ ಇಳಿಸಿಕೊಂಡು, ಪ್ರತಿಯೊಂದನ್ನೂ ಅದೇ ಅಚ್ಚಿಗೆ ಹಾಕಿ, ಒಂದೊಂದಾಗಿ ಡಿಎನ್‌ಎಸ್ ಅನ್ನು ಕೇಳುತ್ತಾ ಹೋದರೆ, ಯಾವ ಕಂಪನಿ ಜಾಲದಲ್ಲಿದೆ, ಯಾವ ಸೇವಾ ಸಂಸ್ಥೆಯ ಗಿರಾಕಿ ಎಂಬ ನಕ್ಷೆಯೇ ಕೈಗೆ ಬರುತ್ತದೆ. ಪ್ರತಿಸ್ಪರ್ಧಿ ಸಂಸ್ಥೆ ಅದನ್ನು ನೋಡಿ ‘ನಮ್ಮ ಕಡೆ ಬನ್ನಿ’ ಎಂದು ಫೋನ್ ಮಾಡುತ್ತಲೇ ಇರಬಹುದು. ಇದು ಕಿರಿಕಿರಿ, ಒಪ್ಪಬೇಕು. ಆದರೆ ಈ ಕಿರಿಕಿರಿಯ ಅಳತೆಯನ್ನೂ ನೋಡಬೇಕು. ಹೊರಬೀಳುವುದು ಅಂಚೆಪೆಟ್ಟಿಗೆಯನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಸಂಗತಿ ಮಾತ್ರ. ಪೆಟ್ಟಿಗೆಯೊಳಗೆ ಏನಿದೆ, ಯಾರಿಂದ ಬಂತು, ಎಷ್ಟರ ವ್ಯವಹಾರ ಎಂಬುದರ ಒಂದೆಳೆಯೂ ಹೊರಬರುವುದಿಲ್ಲ. ಮೇಲಾಗಿ, ಹೆಸರಿನಿಂದ ಹುಡುಕಲು ಪೆಪ್ಪೋಲ್ ನಡೆಸುವ ಪ್ರತ್ಯೇಕ ಡೈರೆಕ್ಟರಿಯಲ್ಲಿ ಸೇರಿದವರ ಪಟ್ಟಿಯನ್ನು ಒಟ್ಟಾಗಿ ಇಳಿಸಿಕೊಳ್ಳಲೂ ಅವಕಾಶವಿದೆ. ಬಾಗಿಲು ತೆರೆದಿಟ್ಟು ಕಿಟಕಿಗೆ ಚಿಲಕ ಹಾಕಿ ಫಲವಿಲ್ಲ. ಲಾಗಿನ್ ಇಟ್ಟರೆ ಏನಾಗುತ್ತದೆಂದು ಯೋಚಿಸಿ. ಲಾಗಿನ್ ಸಿಗುವುದು ಸೇವಾ ಸಂಸ್ಥೆಗಳಿಗೆ, ಅಂದರೆ ಫೋನ್ ಮಾಡಿ ಕಾಡುವ ಅದೇ ಜನರಿಗೆ. ಹೊರಗುಳಿಯುವವನು ತನ್ನದೇ ಹೆಸರು ಸರಿಯಾಗಿ ದಾಖಲಾಗಿದೆಯೇ ಎಂದು ನೋಡಬಯಸುವ ಬೇಕರಿಯವನು.

ಬೇಕರಿಯವನು ಯಾಕೆ ನೋಡಬೇಕು? ಪೆಪ್ಪೋಲ್ ನಿಯಮದಂತೆ ಒಂದು ಸಂಖ್ಯೆಯ ವಿವರ ಒಂದು ಹೊತ್ತಿನಲ್ಲಿ ಒಂದೇ ಸೇವಾ ಸಂಸ್ಥೆಯ ಸರ್ವರಿನಲ್ಲಿ ಇರಲು ಸಾಧ್ಯ. ವಿಳಾಸಪಟ್ಟಿಯಲ್ಲಿ ಒಂದು ಹೆಸರಿಗೆ ಎರಡು ದಾರಿ ಇರುವಂತಿಲ್ಲ. ಸಣ್ಣ ವ್ಯಾಪಾರಿಯ ಲೆಕ್ಕ ಬರೆಯುವ ಅಕೌಂಟೆಂಟ್ ತನ್ನ ಅನುಕೂಲಕ್ಕೆ ಗಿರಾಕಿಗಳನ್ನೆಲ್ಲ ಒಟ್ಟಿಗೆ ಒಂದು ಸಾಫ್ಟ್‌ವೇರಿನಲ್ಲಿ ನೋಂದಾಯಿಸಿರಬಹುದು. ಅಥವಾ ವ್ಯಾಪಾರಿ ಎಂದೋ ಉಚಿತ ಪ್ರಯೋಗಕ್ಕೆಂದು ಒತ್ತಿದ ಗುಂಡಿ ಅವನನ್ನು ಎಲ್ಲೋ ಸೇರಿಸಿರಬಹುದು. ಆಮೇಲೆ ಅವನು ತನಗೆ ಬೇಕಾದ ಸಂಸ್ಥೆಗೆ ಹೋದರೆ ‘ನೀವು ಆಗಲೇ ಬೇರೆ ಕಡೆ ಇದ್ದೀರಿ, ಅಲ್ಲಿಂದ ಬಿಡಿಸಿಕೊಂಡು ಬನ್ನಿ’ ಎಂಬ ಉತ್ತರ. ಅದಕ್ಕಿಂತ ಕೆಟ್ಟದ್ದೆಂದರೆ ಯಾರೂ ನೋಡದ ಪೆಟ್ಟಿಗೆಯಲ್ಲಿ ಬಿಲ್‌ಗಳು ಬಂದು ಬೀಳುತ್ತಾ ಹೋಗುವುದು. ಕಳಿಸಿದವನ ಪಾಲಿಗೆ ಅವು ಮುಟ್ಟಿವೆ, ಹಣದ ಗಡುವು ಓಡುತ್ತಿದೆ, ಪಡೆದವನಿಗೆ ಬಂದಿದ್ದೇ ಗೊತ್ತಿಲ್ಲ. ಇಂಥ ಇಕ್ಕಟ್ಟಿನಿಂದ ಹೊರಬರುವ ಮೊದಲ ಹೆಜ್ಜೆ ತನ್ನ ಹೆಸರು ಯಾರ ಕೈಯಲ್ಲಿದೆ ಎಂದು ತಿಳಿಯುವುದು. ಆ ಒಂದು ಮಾತನ್ನು ಯಾರನ್ನೂ ಬೇಡದೆ, ಯಾರಿಗೂ ಶುಲ್ಕ ಕಟ್ಟದೆ, ಉಚಿತ ಸಾಧನವೊಂದರಲ್ಲಿ ತನ್ನ ಸಂಖ್ಯೆ ಟೈಪ್ ಮಾಡಿ ತಿಳಿಯಲು ಸಾಧ್ಯವಾಗಿರುವುದು ಡಿಎನ್‌ಎಸ್ ಯಾರ ಗುರುತನ್ನೂ ಕೇಳದಿರುವುದರಿಂದ. ಖಾಸಗಿತನದ ಹೆಸರಿನಲ್ಲಿ ಇದನ್ನು ಮುಚ್ಚಿದರೆ ಕಾಪಾಡಿದಂತಾಗುವುದು ಸೇವಾ ಸಂಸ್ಥೆಗಳ ಗಿರಾಕಿಪಟ್ಟಿಯನ್ನು. ಗಿರಾಕಿ ಇನ್ನಷ್ಟು ಕತ್ತಲಿಗೆ ಬೀಳುತ್ತಾನೆ.

ಮೋಸದ ಮಾತಿಗೆ ಬರೋಣ. ಡಿಎನ್‌ಎಸ್ ಉತ್ತರವನ್ನು ದಾರಿಯಲ್ಲಿ ತಿರುಚಲು ಸಾಧ್ಯ, ಅಂಥದ್ದನ್ನು ನಂಬಿ ಕೋಟಿಗಟ್ಟಲೆ ಬಿಲ್ ಕಳಿಸುವುದು ಹುಚ್ಚುತನ ಎಂದು ಭದ್ರತಾ ತಜ್ಞರು ಹೇಳಬಹುದು. ಬರೀ ಡಿಎನ್‌ಎಸ್ ಅನ್ನೇ ನಂಬಿದ್ದರೆ ಅದು ಹುಚ್ಚುತನವೇ ಆಗುತ್ತಿತ್ತು. ಆದರೆ ಡಿಎನ್‌ಎಸ್ ಕೈತೋರಿಸಿದ ಸರ್ವರ್ ಕೊಡುವ ವಿವರಕ್ಕೆ ಪೆಪ್ಪೋಲ್ ಕೊಟ್ಟ ಡಿಜಿಟಲ್ ಸಹಿ ಇರಬೇಕು. ಬಿಲ್ ಅನ್ನು ಪಡೆಯುವ ಸೇವಾ ಸಂಸ್ಥೆಯ ಪ್ರಮಾಣಪತ್ರದಿಂದ ಮುಚ್ಚಿ, ಕಳಿಸುವ ಸಂಸ್ಥೆಯ ಸಹಿ ಹಾಕಿ ರವಾನಿಸುತ್ತಾರೆ. ದಾರಿ ಕೇಳಿದಾಗ ಯಾರೋ ಸುಳ್ಳು ಹೇಳಿ ಬೇರೆ ಮನೆಗೆ ಕಳಿಸಿದರೂ, ಆ ಮನೆಯವನು ಮುದ್ರೆ ತೋರಿಸಬೇಕು, ತೋರಿಸಲಾರ. ಇನ್ನೊಂದು ಬಗೆಯ ಮೋಸ ಹೆಚ್ಚು ಅಪಾಯದ್ದು: ಬೇರೊಬ್ಬರ ಕಂಪನಿ ಸಂಖ್ಯೆಯನ್ನು ತನ್ನದೆಂದು ಹೇಳಿ ನೋಂದಾಯಿಸಿಕೊಳ್ಳುವುದು. ಇದನ್ನು ತಡೆಯಬೇಕಾದದ್ದು ನೋಂದಣಿಯ ಹೊತ್ತಿನಲ್ಲಿ, ಸೇವಾ ಸಂಸ್ಥೆಯ ಮೇಜಿನ ಮುಂದೆ. ಅಲ್ಲಿ ಕಾಗದಪತ್ರ ನೋಡದೆ ಸೇರಿಸಿಕೊಂಡವರಿಗೆ ಶಿಕ್ಷೆ ಬಿಗಿಯಾಗಬೇಕು ಎಂಬ ವಾದವನ್ನು ಪೂರ್ತಿ ಒಪ್ಪುತ್ತೇನೆ. ಅದಕ್ಕೆ ಬದಲಾಗಿ ವಿಳಾಸಪಟ್ಟಿಗೇ ನಂಬಿಕೆಯ ಅಂಕ, ತೆರಿಗೆ ಬಾಕಿಯ ವಿವರ, ಕಂಪನಿಯ ಹಣೆಬರಹ ಎಲ್ಲವನ್ನೂ ತುಂಬಿ ಎನ್ನುವುದು ಮಾತ್ರ ತಪ್ಪು. ತುಂಬಿದಷ್ಟೂ ಅದನ್ನು ಮುಚ್ಚಿಡಬೇಕಾಗುತ್ತದೆ, ಮುಚ್ಚಿದಷ್ಟೂ ಅದರ ಉಪಯೋಗ ಕರಗುತ್ತದೆ. ತೆರೆದಿಡಲು ಧೈರ್ಯ ಬರುವುದು ಒಳಗೆ ಕದಿಯಲು ಏನೂ ಇಲ್ಲದಿದ್ದಾಗ.

ಎಲ್ಲರ ವಿಳಾಸಪಟ್ಟಿಯೂ ಬ್ರಸೆಲ್ಸ್‌ನ ಡೊಮೇನಿನಡಿ ಇರುವುದೇಕೆ ಎಂಬ ಪ್ರಶ್ನೆಯನ್ನು ನಾನು ಅಷ್ಟು ಸುಲಭವಾಗಿ ಬಿಡಲಾರೆ. 2018ರಲ್ಲಿ ಸಿಂಗಪುರ ಯುರೋಪಿನ ಹೊರಗಿನ ಮೊದಲ ಪೆಪ್ಪೋಲ್ ಪ್ರಾಧಿಕಾರವಾಯಿತು. ಆಮೇಲೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಜಪಾನ್, ಮಲೇಷ್ಯಾ ಬಂದವು. ಕರಾವಳಿ ಕರ್ನಾಟಕದ ಎಷ್ಟೋ ಮಂದಿ ವ್ಯಾಪಾರ ನಡೆಸುತ್ತಿರುವ ಯುಎಇ ಕೂಡ ಪೆಪ್ಪೋಲ್ ಮಾದರಿಗೆ ತೆರಿಗೆ ಇಲಾಖೆಯನ್ನು ಐದನೆಯ ಮೂಲೆಯಾಗಿ ಸೇರಿಸಿಕೊಂಡು, 5 ಕೋಟಿ ದಿರ್ಹಮ್ ಅಥವಾ ಅದಕ್ಕಿಂತ ಹೆಚ್ಚು ವಹಿವಾಟಿನವರಿಗೆ 2027ರ ಜನವರಿಯಿಂದ ಇದನ್ನು ಕಡ್ಡಾಯ ಮಾಡಲಿದೆ. ಸಿಂಗಪುರದ ಒಬ್ಬ ಇನ್ನೊಬ್ಬ ಸಿಂಗಪುರದವನಿಗೆ ಬಿಲ್ ಕಳಿಸಲು ಯುರೋಪಿನ ಪಟ್ಟಿಯನ್ನು ಕೇಳಬೇಕೆನ್ನುವುದು ರಾಜಕೀಯವಾಗಿ ಹಿತವಾದ ಮಾತಲ್ಲ. ತಾಂತ್ರಿಕವಾಗಿ ಇದಕ್ಕೆ ಸಮಾಧಾನವಿದೆ. ಡಿಎನ್‌ಎಸ್ ಉತ್ತರಗಳು ದಾರಿಯುದ್ದಕ್ಕೂ ನಕಲಾಗಿ ಉಳಿಯುತ್ತವೆ, ಕೇಂದ್ರ ಸ್ವಲ್ಪ ಹೊತ್ತು ಮಲಗಿದರೂ ಜಾಲ ಮಲಗುವುದಿಲ್ಲ. ಪಟ್ಟಿ ಯಾರ ಅಧೀನ ಎಂಬ ಪ್ರಶ್ನೆಗೆ ಈ ಸಮಾಧಾನ ಉತ್ತರವಾಗದು. ಅದನ್ನು ಇಂಟರ್‌ನೆಟ್‌ನ ಮೂಲ ಪಟ್ಟಿಯ ಹಾಗೆ ಹಲವರ ಪಾಲುಗಾರಿಕೆಗೆ ಒಪ್ಪಿಸಬೇಕೆಂಬ ಬೇಡಿಕೆ ನ್ಯಾಯವಾದದ್ದು, ಅದು ಡಿಎನ್‌ಎಸ್ ಬಳಕೆಯ ವಿರುದ್ಧದ ವಾದವೂ ಅಲ್ಲ. ಹಂಚಿಕೊಳ್ಳುವುದು ಡಿಎನ್‌ಎಸ್‌ನ ಹುಟ್ಟುಗುಣ. ಒಂದು ಕೊಂಬೆಯನ್ನು ಬೇರೊಬ್ಬರ ಕೈಗೆ ಕೊಡಲು ಮರ ಕಡಿಯಬೇಕಿಲ್ಲ.

ಆ ನಕಲುಗಳಿಂದಲೇ ಒಂದು ಸಣ್ಣ ತೊಡಕೂ ಇದೆ. ‘ಇಲ್ಲ’ ಎಂಬ ಉತ್ತರವೂ ಸ್ವಲ್ಪ ಹೊತ್ತು ನೆನಪಿನಲ್ಲಿ ಉಳಿಯುತ್ತದೆ, ಹಾಗಾಗಿ ಈಗಷ್ಟೇ ಸೇರಿದವರು ಕೆಲವರ ಕಣ್ಣಿಗೆ ಇನ್ನೂ ಸೇರದವರಾಗಿಯೇ ಕಾಣಬಹುದು. ಸಾಫ್ಟ್‌ವೇರ್ ಬರೆಯುವವರು ‘ಇಲ್ಲ’ವನ್ನು ಕೊನೆಯ ಮಾತಾಗಿ ಬರೆದಿಡದೆ ಮರುದಿನ ಮತ್ತೊಮ್ಮೆ ಕೇಳಿದರೆ ಮುಗಿಯಿತು.

ಇನ್ನು ನಮ್ಮ ಕಡೆ. ಭಾರತದ ಜಿಎಸ್‌ಟಿ ಇ-ಇನ್‌ವಾಯ್ಸ್ 2020ರ ಅಕ್ಟೋಬರಿನಲ್ಲಿ 500 ಕೋಟಿ ರೂಪಾಯಿಗೂ ಮೇಲಿನ ವಹಿವಾಟಿನವರಿಂದ ಶುರುವಾಗಿ, ಮೆಟ್ಟಿಲು ಮೆಟ್ಟಿಲಾಗಿ ಇಳಿದು 2023ರ ಆಗಸ್ಟ್‌ನಲ್ಲಿ 5 ಕೋಟಿ ದಾಟಿದವರಿಗೆ ಬಂತು. ನಮ್ಮದು ಪೆಪ್ಪೋಲ್ ದಾರಿಯಲ್ಲ. ಮಾರುವವನು ಬಿಲ್ ವಿವರವನ್ನು ನೋಂದಣಿ ಪೋರ್ಟಲಿಗೆ ಕೊಟ್ಟು, 64 ಅಕ್ಷರದ ಸಂಖ್ಯೆಯನ್ನೂ ಕ್ಯೂಆರ್ ಕೋಡನ್ನೂ ಪಡೆಯುತ್ತಾನೆ. ಕೊಳ್ಳುವವನಿಗೆ ಬಿಲ್ ಮುಟ್ಟಿಸುವುದು ಅವರವರ ನಡುವಿನ ವಿಷಯ, ಹೆಚ್ಚಿನ ಕಡೆ ಅದು ಈಗಲೂ ಇಮೇಲ್ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಹೋಗುವ ಪಿಡಿಎಫ್. ಹಾಗಾಗಿ ಬಿಲ್ ಮುಟ್ಟುತ್ತದೆಯೇ ಎಂಬ ಮೂರನೆಯ ಪ್ರಶ್ನೆ ನಮ್ಮಲ್ಲಿ ಏಳುವುದೇ ಇಲ್ಲ. ನಮ್ಮ ವ್ಯಾಪಾರಿಯನ್ನು ಕಾಡುವುದು ಎರಡನೆಯ ಪ್ರಶ್ನೆ: 29ರಿಂದ ಶುರುವಾಗುವ ಈ ಕರ್ನಾಟಕದ ಸಂಖ್ಯೆ ಇವತ್ತು ಜೀವಂತವಿದೆಯೇ, ರದ್ದಾಗಿದೆಯೇ? ಮಾರಿದವನ ನೋಂದಣಿ ರದ್ದಾಗಿದ್ದರೆ ಕೊಂಡವನ ಹೂಡುವಳಿ ತೆರಿಗೆ ಜಮೆಗೆ ಕುತ್ತು ಬರುತ್ತದೆ, ಅಂದರೆ ಇದು ಕೈಯಿಂದ ಹಣ ಹೋಗುವ ಪ್ರಶ್ನೆ. ಇದಕ್ಕೆ ಜಿಎಸ್‌ಟಿ ಪೋರ್ಟಲಿನಲ್ಲಿ ಉತ್ತರ ಇದೆ, ಲಾಗಿನ್ ಕೂಡ ಬೇಡ. ಆದರೆ ಪ್ರತಿ ಸಲ ಕ್ಯಾಪ್ಚಾ ಅಕ್ಷರ ಬಿಡಿಸಿ ಬರೆದು ತಾನು ಮನುಷ್ಯನೆಂದು ಸಾಬೀತು ಮಾಡಬೇಕು. ಮುನ್ನೂರು ಮಂದಿಯಿಂದ ಸರಕು ತರಿಸುವ ಅಂಗಡಿಯವನು ತಿಂಗಳಿಗೊಮ್ಮೆ ಎಲ್ಲರನ್ನೂ ಪರೀಕ್ಷಿಸಬೇಕೆಂದರೆ ಮುನ್ನೂರು ಸಲ ಈ ಪರೀಕ್ಷೆ ಬರೆಯಬೇಕು, ಇಲ್ಲವೇ ಮಧ್ಯವರ್ತಿ ಸಂಸ್ಥೆಯೊಂದರ ಸೇವೆ ಕೊಳ್ಳಬೇಕು. ವಿಚಿತ್ರವೆಂದರೆ ಕ್ಯಾಪ್ಚಾ ದಾಟಿದವನಿಗೆ ಪೋರ್ಟಲ್ ವ್ಯಾಪಾರಿಯ ಹೆಸರು, ವ್ಯವಹಾರದ ಸ್ವರೂಪ, ನೋಂದಣಿ ದಿನಾಂಕ ಎಲ್ಲವನ್ನೂ ತೋರಿಸುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ಹೇಳುತ್ತದೆ, ಆದರೆ ಯಂತ್ರ ಕೇಳಿದರೆ ಬಾಯಿ ಬಿಡುವುದಿಲ್ಲ.

ಯಂತ್ರಕ್ಕೆ ತೆರೆದಿಟ್ಟರೆ ದತ್ತಾಂಶ ದೋಚುವವರು ನುಗ್ಗುತ್ತಾರೆಂಬ ಭಯ ಈ ಕ್ಯಾಪ್ಚಾದ ಹಿಂದಿದೆ. ವ್ಯಕ್ತಿಯೊಬ್ಬನ ಹೆಸರಲ್ಲೇ ಇರುವ ವ್ಯಾಪಾರದ ಜಿಎಸ್‌ಟಿ ಸಂಖ್ಯೆಯ ಹೊಟ್ಟೆಯಲ್ಲಿ ಅವನ ಪ್ಯಾನ್ ಸಂಖ್ಯೆಯೇ ಕೂತಿರುವುದರಿಂದ ಆ ಭಯ ಸುಳ್ಳಲ್ಲ. ಅದಕ್ಕೆ ಪರಿಹಾರವನ್ನು ಪೆಪ್ಪೋಲ್‌ನ ಜಿಪುಣತನದಲ್ಲಿ ಹುಡುಕಬಹುದು. ಸಂಖ್ಯೆಯನ್ನು ಅಚ್ಚಿಗೆ ಹಾಕಿ ಕಳಿಸಿದರೆ ಹೆಸರಿಲ್ಲ, ವಿಳಾಸವಿಲ್ಲ, ವ್ಯವಹಾರದ ಸ್ವರೂಪವಿಲ್ಲ. ಜೀವಂತ ಅಥವಾ ಇಲ್ಲ ಎಂಬ ಒಂದೇ ಮಾತು. ಸಂಖ್ಯೆ ಮೊದಲೇ ಗೊತ್ತಿರುವವನಿಗೆ ಇದು ಹೊಸದಾಗಿ ಏನನ್ನೂ ಬಿಟ್ಟುಕೊಡುವುದಿಲ್ಲ, ಗೊತ್ತಿಲ್ಲದವನಿಗೆ ಬಂದ ಉತ್ತರದಿಂದ ಹೆಸರು ಹೆಕ್ಕಲು ಬರುವುದಿಲ್ಲ. ಜಿಎಸ್‌ಟಿ ಜಾಲವನ್ನು ಕಟ್ಟುವ ಗುತ್ತಿಗೆ 2015ರಲ್ಲಿ ಹೋದದ್ದು ಬೆಂಗಳೂರಿನ ಇನ್ಫೊಸಿಸ್‌ಗೆ. ಯುರೋಪಿನ ಕಂಪನಿಗಳ ಲೆಕ್ಕಪತ್ರದ ಸಾಫ್ಟ್‌ವೇರ್ ನೋಡಿಕೊಳ್ಳುವ ಎಂಜಿನಿಯರುಗಳಿಗೂ ಈ ಊರಿನಲ್ಲಿ ಬರವಿಲ್ಲ. ಜಿಎಸ್‌ಟಿ ಸಂಖ್ಯೆಗೂ ಇಂಥದೊಂದು ‘ಇದೆ, ಇಲ್ಲ’ ಪಟ್ಟಿ ಇಡಲು ಹೊಸ ಕಾನೂನಾಗಲಿ ಹೊಸ ಪೋರ್ಟಲಾಗಲಿ ಬೇಕಿಲ್ಲ. ಬೇಕಿರುವುದು ಒಂದು ಡೊಮೇನು, ರದ್ದಾದ ಸಂಖ್ಯೆಯನ್ನು ಅದೇ ದಿನ ಅಲ್ಲಿಂದ ತೆಗೆಯುವ ಶಿಸ್ತು, ಮತ್ತು ಉದ್ದ 63 ದಾಟದಂತೆ ಎಚ್ಚರ.